ಊರು, ದೇವರು, ಅಮೆರಿಕದ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಪಾಟಿನಲ್ಲಿ ಅಮೆರಿಕದ ಹಳ್ಳಿಗಾಡಿನ ಕಾದಂಬರಿಗಳದ್ದೇ ಒಂದು ಸಾಲಿದೆ, ಇಂಗ್ಲಿಷಿನಲ್ಲಿ "ರೀಜನಲ್" ಅನ್ನುತ್ತಾರಲ್ಲ, ಅಂಥವು. ಮನೆಗೆ ಬಂದವರು ಒಂದೊಂದು ತೆಗೆದುಕೊಂಡು ಹೋಗುತ್ತಾರೆ. ಕೆಲವರು ವಾಪಸ್ ಕೊಡುತ್ತಾರೆ. ಕೊಡುವಾಗ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

"ರೀಜನಲ್" ಅಂದ್ರೆ ಏನು? ಎಲ್ಲ ಕಥೆಯೂ ಎಲ್ಲೋ ಒಂದು ಕಡೆ ನಡೆಯಲೇಬೇಕಲ್ವಾ?

ನಡೆಯಲೇಬೇಕು. ಆದರೆ ಕೆಲವು ಕಥೆಗಳನ್ನು ಬೇರು ಸಮೇತ ಕಿತ್ತು ಬೇರೆ ಊರಲ್ಲಿ ನೆಟ್ಟರೂ ಬದುಕುತ್ತವೆ. ಕೆಲವು ಒಣಗಿ ಹೋಗುತ್ತವೆ. ಈ ಎರಡನೇ ಜಾತಿಯವನ್ನೇ ನಾನು ರೀಜನಲ್ ಅನ್ನುವುದು. ಅಲ್ಲಿನ ಮಣ್ಣು, ಮಳೆ, ಮಾತು, ಯಾರು ಯಾರ ಮನೆಯ ಮುಂಬಾಗಿಲಿಂದ ಒಳಗೆ ಹೋಗಬಹುದು ಅನ್ನುವ ಲೆಕ್ಕ, ಇವನ್ನೆಲ್ಲ ತೆಗೆದರೆ ಉಳಿಯುವುದು ಬರೀ ಘಟನೆಗಳ ಪಟ್ಟಿ.

ಮೊದಲು ಈ ಪದದಲ್ಲಿ ಸ್ವಲ್ಪ ತಾತ್ಸಾರವೂ ಇತ್ತು. ಹಳ್ಳಿ ಹೆಂಗಸರು ಬರೆಯುವ ಸಣ್ಣ ಪುಟ್ಟ ಕಥೆ ಅನ್ನುವ ಧಾಟಿ. ಸಾರಾ ಆರ್ನ್ ಜ್ಯುವೆಟ್ 1896ರಲ್ಲಿ ಮೇನ್ ರಾಜ್ಯದ ಕಡಲತೀರದ ಒಂದು ಹಳ್ಳಿಯ ಬಗ್ಗೆ 'ದಿ ಕಂಟ್ರಿ ಆಫ್ ದಿ ಪಾಯಿಂಟೆಡ್ ಫರ್ಸ್' ಬರೆದರು. ಅದರಲ್ಲಿ ಗಿಡಮೂಲಿಕೆ ಕೊಡುವ ಒಬ್ಬ ವಿಧವೆ, ಮುದಿ ನಾವಿಕರು, ದ್ವೀಪದಲ್ಲಿ ಒಂಟಿಯಾಗಿ ಸತ್ತ ಒಬ್ಬಳ ನೆನಪು, ಅಷ್ಟೇ ಇರುವುದು. ಅದೇ ಜ್ಯುವೆಟ್ ಮುಂದೆ ವಿಲಾ ಕ್ಯಾಥರ್ ಎಂಬ ಪತ್ರಿಕೆ ಸಂಪಾದಕಿಗೆ, ಆ ಕೆಲಸ ಬಿಟ್ಟು ನಿನಗೆ ಗೊತ್ತಿರುವ ಊರಿನ ಬಗ್ಗೆ ಬರಿ ಅಂತ ಕಾಗದ ಬರೆದು ಹೇಳಿದರು. ಕ್ಯಾಥರ್ 1913ರಲ್ಲಿ ತನ್ನ ನೆಬ್ರಾಸ್ಕಾ ಕಾದಂಬರಿಯನ್ನು ಜ್ಯುವೆಟ್ ನೆನಪಿಗೆ ಅರ್ಪಿಸಿದರು.

ಇವೆಲ್ಲ ಚರ್ಚಿನ ಕಥೆಗಳಾ? ಮತಪ್ರಚಾರದ ವಾಸನೆ ಇಲ್ವಾ?

ಇಲ್ಲ. ಒಂದು ವಿಚಿತ್ರ ಹೇಳುತ್ತೇನೆ: ಈ ಸಾಲಿನಲ್ಲಿ ಅತಿ ಹೆಚ್ಚು ದೈವಭಕ್ತಿ ಇದ್ದ ಲೇಖಕಿಯೇ ಭಕ್ತರ ಮೇಲೆ ಅತಿ ಹೆಚ್ಚು ಕೈ ಮಾಡಿದವರು. ಫ್ಲ್ಯಾನರಿ ಒಕಾನರ್ ಕಥೆಯಲ್ಲಿ ಯಾರಾದರೂ "ನಾನು ಒಳ್ಳೆಯವಳು" ಅಂದುಕೊಂಡರೆ ಇನ್ನು ನಾಲ್ಕು ಪುಟದಲ್ಲಿ ಅವರಿಗೆ ಗ್ರಹಚಾರ ಕಾದಿದೆ ಅಂತಲೇ ತಿಳಿಯಬೇಕು. ನನಗೆ ಕಂಡ ಹಾಗೆ ಈ ಪುಸ್ತಕಗಳಲ್ಲಿ ನಂಬಿಕೆ ಒಂದು ಕಡೆ ಕುಳಿತು ಉಪದೇಶ ಮಾಡುವುದಿಲ್ಲ. ಊರು ಅದನ್ನು ಕಟಕಟೆಗೆ ಎಳೆದು ತಂದು ನಿಲ್ಲಿಸುತ್ತದೆ. ಕೆಲವೊಮ್ಮೆ ನಂಬಿಕೆ ಗೆಲ್ಲುತ್ತದೆ, ಕೆಲವೊಮ್ಮೆ ಊರು.

ಸರಿ, ಒಂದೇ ಒಂದು ಓದಬೇಕು ಅಂದ್ರೆ ಯಾವುದು?

ಒಕಾನರ್ ಅವರ 'ರೆವೆಲೇಶನ್'. ಸಣ್ಣ ಕಥೆ, ಒಂದು ಸಂಜೆ ಸಾಕು.

ಜಾರ್ಜಿಯಾ ರಾಜ್ಯ, ಒಬ್ಬ ಡಾಕ್ಟರ ಕಾಯುವ ಕೋಣೆ. ಮಿಸೆಸ್ ಟರ್ಪಿನ್ ಗಂಡನ ಕಾಲಿನ ಗಾಯ ತೋರಿಸಲು ಬಂದಿದ್ದಾಳೆ. ಕೂತಲ್ಲೇ ಎಲ್ಲರ ಚಪ್ಪಲಿ, ಶೂ ನೋಡಿ ಯಾರು ಯಾವ ಮಟ್ಟದವರು ಅಂತ ಅಳೆಯುತ್ತಿದ್ದಾಳೆ. ರಾತ್ರಿ ನಿದ್ದೆ ಬರದಿದ್ದರೂ ಅವಳಿಗೆ ಇದೇ ಕೆಲಸ, ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವುದು. ತಳದಲ್ಲಿ ಕರಿಯರು, ಅವರ ಪಕ್ಕದಲ್ಲೇ ಬಡ ಬಿಳಿಯರು, ಮೇಲೆ ಮನೆ ಇದ್ದವರು, ಅದರ ಮೇಲೆ ಮನೆ ಮತ್ತು ಜಮೀನು ಎರಡೂ ಇದ್ದ ತಾನು ಮತ್ತು ಗಂಡ. ಆದರೆ ಏಣಿ ಪೂರ್ತಿ ಆಗುವುದೇ ಇಲ್ಲ, ಯಾಕೆಂದರೆ ಊರಲ್ಲಿ ಕರಿಯರವನೇ ಒಬ್ಬ ಹಲ್ಲಿನ ಡಾಕ್ಟರಿದ್ದಾನೆ, ಅವನ ಹತ್ತಿರ ಎರಡು ಕೆಂಪು ಲಿಂಕನ್ ಕಾರು, ಈಜುಕೊಳ, ಜಮೀನು, ಒಳ್ಳೆ ತಳಿಯ ದನಗಳಿವೆ. ಅವನನ್ನು ಎಲ್ಲಿ ಕೂರಿಸುವುದು? (ಜಾತಿಯ ಏಣಿ ನೋಡಿ ಬೆಳೆದ ನಮಗೆ ಈ ಪುಟ ಓದಲು ಅಡಿಟಿಪ್ಪಣಿ ಬೇಕಾಗುವುದಿಲ್ಲ.) ಅಷ್ಟರಲ್ಲಿ ಎದುರು ಕೂತಿದ್ದ ಕಾಲೇಜು ಹುಡುಗಿ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಅವಳ ಮುಖಕ್ಕೆ ಎಸೆಯುತ್ತಾಳೆ. ಕುತ್ತಿಗೆ ಹಿಸುಕುತ್ತಾಳೆ. ನೀನು ನರಕದ ಹಂದಿ, ಅಲ್ಲಿಗೇ ಹೋಗು ಅನ್ನುತ್ತಾಳೆ.

ಸಂಜೆ ಟರ್ಪಿನ್ ತನ್ನ ಹಂದಿದೊಡ್ಡಿಯ ಕಾಂಕ್ರೀಟ್ ನೆಲಕ್ಕೆ ಪೈಪಿನಲ್ಲಿ ನೀರು ಹೊಡೆಯುತ್ತಾ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಚರ್ಚಲ್ಲಿ ಅಲ್ಲ, ಹಂದಿಗಳ ಎದುರು. ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಉಳಿದ ಒಂದು ಬಣ್ಣದ ಗೆರೆ ಸೇತುವೆ ಥರ ಕಾಣುತ್ತದೆ. ಅದರ ಮೇಲೆ ಸ್ವರ್ಗಕ್ಕೆ ಮೆರವಣಿಗೆ. ಮುಂದೆ ಅವಳು ಕೀಳು ಅಂದುಕೊಂಡವರೆಲ್ಲ, ಹುಚ್ಚರು, ಅಂಗವಿಕಲರು, ಕುಣಿಯುತ್ತಾ ಚಪ್ಪಾಳೆ ತಟ್ಟುತ್ತಾ ಹೋಗುತ್ತಿದ್ದಾರೆ. ಕಟ್ಟಕಡೆಯಲ್ಲಿ ಅವಳಂಥವರು, ಶಿಸ್ತಾಗಿ, ಸರಿಯಾದ ರಾಗದಲ್ಲಿ ಹಾಡುತ್ತಾ. ಅವರ ಮುಖ ನೋಡಿದರೆ ಅವರ ಒಳ್ಳೆಯತನವೂ ಸುಟ್ಟು ಹೋಗುತ್ತಿರುವುದು ಗೊತ್ತಾಗುತ್ತದೆ.

ಇದು 1964ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್ 3ರಂದು ಒಕಾನರ್ ತೀರಿಕೊಂಡರು. 39 ವರ್ಷ.

ಅವರ ಕಥೆಗಳಲ್ಲಿ ಅಷ್ಟೊಂದು ಹಿಂಸೆ ಯಾಕೆ? ದೇವರನ್ನು ನಂಬುವವರು ಹೀಗೆ ಬರೆಯುತ್ತಾರಾ?

ಅವರು ಇದ್ದ ಜಾಗ ನೋಡಿ. ದಕ್ಷಿಣದ ಜಾರ್ಜಿಯಾ ಪೂರ್ತಿ ಪ್ರಾಟೆಸ್ಟೆಂಟರ ಊರು, ಅವರಲ್ಲೇ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಚರ್ಚು ಬೀದಿಗೊಂದು. ಅದರ ನಡುವೆ ಒಕಾನರ್ ಕ್ಯಾಥೊಲಿಕ್. ಹುಟ್ಟಿದ್ದು 1925ರಲ್ಲಿ, ಸವಾನಾ ಪಟ್ಟಣದಲ್ಲಿ. ಅಪ್ಪನನ್ನು ಕೊಂದ ಲೂಪಸ್ ಕಾಯಿಲೆಯೇ ಇಪ್ಪತ್ತೈದರ ಹೊತ್ತಿಗೆ ಅವರಿಗೂ ಬಂತು. ಬೇರೆ ಕಡೆ ಬದುಕಿ ಬರೆಯಬೇಕು ಅಂದುಕೊಂಡಿದ್ದವರು ಮಿಲೆಡ್ಜ್‌ವಿಲ್ ಹತ್ತಿರದ ಅಮ್ಮನ ಡೈರಿ ಫಾರ್ಮಿಗೆ ಬಂದು ಬಿದ್ದರು. ಊರುಗೋಲು ಹಿಡಿದು ನಡೆದರು, ನವಿಲು ಸಾಕಿದರು, ಬೆಳಿಗ್ಗೆ ಹೊತ್ತು ಬರೆದರು. ಆ ಫಾರ್ಮಿನ ದಾರಿ, ಕಾಡಿನ ಅಂಚು, ಕೆಲಸಕ್ಕೆ ಬಂದವರ ಜಗಳ, ಬೈಬಲ್ ಮಾರಲು ಬರುವ ಸೇಲ್ಸ್‌ಮನ್, ಎಲ್ಲ ಕಥೆಗೆ ಬಂತು.

ದಕ್ಷಿಣದ ಜನ ಕ್ರಿಸ್ತನನ್ನು ನಡುವೆ ಇಟ್ಟು ಬದುಕುತ್ತಾರೆ ಅಂತ ಅವರು ನಂಬಿರಲಿಲ್ಲ. ಕ್ರಿಸ್ತ ಅಲ್ಲಿಯವರನ್ನು ದೆವ್ವದ ಹಾಗೆ ಬೆನ್ನು ಹತ್ತಿದ್ದಾನೆ ಅನ್ನುವುದು ಅವರ ಮಾತಿನ ಸಾರ. 'ವೈಸ್ ಬ್ಲಡ್' (1952) ಕಾದಂಬರಿಯ ಹೇಜಲ್ ಮೋಟ್ಸ್ ಕ್ರಿಸ್ತನಿಲ್ಲದ ಚರ್ಚು ಕಟ್ಟುತ್ತೇನೆ ಅಂತ ಹಳೇ ಕಾರಿನ ಮೇಲೆ ನಿಂತು ಭಾಷಣ ಬಿಗಿಯುತ್ತಾನೆ. ಓಡಿದಷ್ಟೂ ಕ್ರಿಸ್ತ ಹಿಂದೆಯೇ. ಮರಗಟ್ಟಿದ ಚರ್ಮಕ್ಕೆ ಸೂಜಿ ಚುಚ್ಚಿ ನೋಡುವ ಡಾಕ್ಟರ ಥರ ಅವರು ಹಿಂಸೆಯನ್ನು ಬಳಸುತ್ತಾರೆ. ನನಗೆ ಪ್ರತಿ ಸಲ ಒಪ್ಪಿಗೆಯಾಗುವುದಿಲ್ಲ. ಕೆಲವು ಕಥೆಗಳಲ್ಲಿ ಸೂಜಿ ಜಾಸ್ತಿಯೇ ಆಯಿತು ಅನ್ನಿಸುತ್ತದೆ.

ಆಕೆ ಜನಾಂಗಭೇದ ಮಾಡುತ್ತಿದ್ದರಂತೆ?

ಖಾಸಗಿ ಕಾಗದಗಳಲ್ಲಿ ಕರಿಯರ ಬಗ್ಗೆ ಕೆಟ್ಟ ಮಾತು, ಕೆಟ್ಟ ಜೋಕು ಇವೆ. ಹೌದು. 2020ರಲ್ಲಿ ಮೇರಿಲ್ಯಾಂಡಿನ ಲೊಯೋಲಾ ವಿಶ್ವವಿದ್ಯಾಲಯ ಒಂದು ಹಾಸ್ಟೆಲಿಗೆ ಇಟ್ಟಿದ್ದ ಅವರ ಹೆಸರನ್ನು ತೆಗೆದು ಸಿಸ್ಟರ್ ಥಿಯಾ ಬೋಮನ್ ಎಂಬ ಕರಿಯ ಸನ್ಯಾಸಿನಿಯ ಹೆಸರಿಟ್ಟಿತು. ಮಿಸೆಸ್ ಟರ್ಪಿನ್‌ಳ ಏಣಿಯನ್ನು ಅಷ್ಟು ಚೆನ್ನಾಗಿ ಬರೆದವರು ತಾವೂ ಅದರ ಒಂದು ಮೆಟ್ಟಿಲ ಮೇಲೆ ಕೂತಿದ್ದರು. ಕಥೆ ಓದುವಾಗ ಇದು ನೆನಪಿರಲಿ. ಓದುವುದನ್ನು ಬಿಡಬೇಡಿ.

'ಗಿಲಿಯಡ್' ಶುರು ಮಾಡಿದೆ, ಅರ್ಧಕ್ಕೆ ಬಿಟ್ಟೆ. ಅದರಲ್ಲಿ ಏನೂ ಆಗೋದೇ ಇಲ್ಲ?

ನಾನೂ ಮೊದಲ ಸಲ ಬಿಟ್ಟಿದ್ದೆ. ತಪ್ಪು ವೇಗದಲ್ಲಿ ಓದುತ್ತಿದ್ದೆ.

ಮ್ಯಾರಿಲಿನ್ ರಾಬಿನ್ಸನ್ ಅವರ ಈ ಕಾದಂಬರಿ 2004ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. 1956ನೇ ಇಸವಿ, ಅಯೋವಾ ರಾಜ್ಯದ ಒಂದು ಸಣ್ಣ ಊರು. 76 ವರ್ಷದ ಪಾದ್ರಿ ಜಾನ್ ಏಮ್ಸ್‌ಗೆ ಹೃದಯದ ಕಾಯಿಲೆ. ತಡವಾಗಿ ಮದುವೆಯಾದವನು, ಮಗನಿಗೆ ಇನ್ನೂ ಏಳು ತುಂಬಿಲ್ಲ. ಮಗ ದೊಡ್ಡವನಾದ ಮೇಲೆ ಓದಲಿ ಅಂತ ಬರೆಯುವ ಒಂದು ಉದ್ದನೆಯ ಕಾಗದವೇ ಈ ಪುಸ್ತಕ. ಆದ್ದರಿಂದ ದಿನಕ್ಕೆ ಹತ್ತು ಪುಟ ಸಾಕು, ಕಾಗದ ಓದಿದ ಹಾಗೆ ಓದಿ.

ಒಂದು ಪ್ರಸಂಗ ಹೇಳುತ್ತೇನೆ. ಸಿಡಿಲು ಬಡಿದು ಸುಟ್ಟುಹೋದ ಒಂದು ಚರ್ಚನ್ನು ಊರವರು ಮಳೆಯಲ್ಲಿ ನೆನೆಯುತ್ತಾ ಕೆಡವುತ್ತಿದ್ದಾರೆ. ಹೆಂಗಸರು ಹಾಡುತ್ತಿದ್ದಾರೆ. ಹುಡುಗ ಏಮ್ಸ್‌ಗೆ ಅವನ ಅಪ್ಪ ಮಸಿ ಮೆತ್ತಿದ ಕೈಯಲ್ಲೇ ಒಂದು ಬಿಸ್ಕತ್ತು ಮುರಿದು ಕೊಡುತ್ತಾನೆ. ಅದರ ಮೇಲೆ ಬೂದಿ ಇದೆ. ಅಷ್ಟೇ. ಆದರೆ ಮುದುಕ ಏಮ್ಸ್‌ಗೆ ಜೀವನದಲ್ಲಿ ಪ್ರಸಾದ ಅಂತ ಸಿಕ್ಕಿದ್ದು ಅದೇ ಅನ್ನುವ ನೆನಪು.

"ಏನೂ ಆಗೋದಿಲ್ಲ" ಅನ್ನುವುದೂ ನಿಜವಲ್ಲ. ಏಮ್ಸ್‌ನ ಅಜ್ಜ ಗುಲಾಮಗಿರಿ ವಿರುದ್ಧ ಬಂದೂಕು ಹಿಡಿದ ಪಾದ್ರಿ. ಗೆಳೆಯನ ಮಗ ಜ್ಯಾಕ್ ಕರಿಯ ಹೆಣ್ಣೊಬ್ಬಳ ಜೊತೆ ಸಂಸಾರ ಮಾಡಿದ್ದಾನೆ, ಮಗುವಿದೆ. ಅವರನ್ನು ಈ ಊರಿಗೆ ಕರೆತರಬಹುದಾ ಅಂತ ನೋಡಲು ಬಂದಿದ್ದಾನೆ. ಗುಲಾಮರಿಗೆ ಆಸರೆ ಕೊಡಲೆಂದೇ ಕಟ್ಟಿದ ಊರು ಅದು. ಈಗ ಅಲ್ಲಿ ಒಂದೇ ಒಂದು ಕರಿಯರ ಕುಟುಂಬವೂ ಇಲ್ಲ. ಅವರ ಚರ್ಚಿಗೆ ಹಿಂದೆ ಯಾರೋ ಬೆಂಕಿ ಹಚ್ಚಿದ್ದರು, ಆಮೇಲೆ ಅವರು ಊರು ಬಿಟ್ಟರು. ಏಮ್ಸ್ ಅದನ್ನು ಸಣ್ಣ ಬೆಂಕಿ ಅಂತ ಹೇಳಿ ಮುಂದೆ ಹೋಗುತ್ತಾನೆ. ಇಷ್ಟು ಒಳ್ಳೆಯ ಮನುಷ್ಯನಿಗೂ ತನ್ನ ಊರಿನ ಪಾಪ ಕಾಣುವುದಿಲ್ಲ. ನನಗೆ ಇಡೀ ಪುಸ್ತಕದ ಗಂಟು ಇರುವುದು ಆ ಒಂದು ಸಾಲಿನಲ್ಲಿ.

ಗಿಲಿಯಡ್ ಕಲ್ಪನೆಯ ಊರು. ಆದರೆ ಅದಕ್ಕೆ ಮಾದರಿ ಅಯೋವಾದ ನೈಋತ್ಯದಲ್ಲಿರುವ ಟೇಬರ್ ಎಂಬ ನಿಜವಾದ ಊರು. ಜಾನ್ ಟಾಡ್ ಎಂಬ ಪಾದ್ರಿ ಅಲ್ಲಿ ಗುಲಾಮಗಿರಿ ವಿರೋಧಿಗಳಿಗೆ ಆಶ್ರಯ ಕೊಟ್ಟಿದ್ದರು.

ಬೈಬಲ್ ಗೊತ್ತಿಲ್ಲದಿದ್ದರೆ ಅರ್ಥ ಆಗುತ್ತಾ?

ಆಗುತ್ತೆ. ಗೊತ್ತಿದ್ದರೆ ಇನ್ನೂ ರುಚಿ. ಕನ್ನಡ ಬೈಬಲ್ಲನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಗಿಲಿಯಡ್ ಅಂದರೆ ಅದರಲ್ಲಿ ಬರುವ ಗಿಲ್ಯಾದ್. ಅಲ್ಲಿ ಗಾಯಕ್ಕೆ ಔಷಧವೇ ಇಲ್ಲವಾ ಅಂತ ಪ್ರವಾದಿ ಯೆರೆಮೀಯ ಕೇಳುತ್ತಾನೆ. ಊರಿಗೆ ಆ ಹೆಸರು ಯಾಕೆ ಅಂತ ಥಟ್ಟನೆ ಹೊಳೆಯುತ್ತದೆ.

ಇದೆಲ್ಲ ಬಿಳಿಯರ ಕ್ರೈಸ್ತರ ಮಾತಾಯಿತು. ಆ ನೆಲದ ಮೂಲನಿವಾಸಿಗಳು ಏನು ಬರೆದಿದ್ದಾರೆ?

ಜಾಗಕ್ಕೂ ದೈವಕ್ಕೂ ಇರುವ ಸಂಬಂಧ ಅಂದಾಗ ನಿಜಕ್ಕೂ ಅವರಿಂದಲೇ ಶುರು ಮಾಡಬೇಕಿತ್ತು. ಕಯೋವಾ ಜನಾಂಗದ ಎನ್. ಸ್ಕಾಟ್ ಮೊಮಡೇ ಅವರ 'ಹೌಸ್ ಮೇಡ್ ಆಫ್ ಡಾನ್' 1968ರಲ್ಲಿ ಬಂತು, 1969ರಲ್ಲಿ ಪುಲಿಟ್ಜರ್ ಪಡೆಯಿತು. ದಾರಿ ತೆರೆದದ್ದು ಅದು. ಆದರೆ ನನ್ನ ಮನಸ್ಸು ಇರುವುದು ಲೆಸ್ಲಿ ಮಾರ್ಮನ್ ಸಿಲ್ಕೊ ಅವರ 'ಸೆರಿಮನಿ' (1977) ಮೇಲೆ.

ಸಿಲ್ಕೊ ನ್ಯೂ ಮೆಕ್ಸಿಕೋ ರಾಜ್ಯದ ಲಗೂನಾ ಪ್ವೆಬ್ಲೋ ಎಂಬ ಮೂಲನಿವಾಸಿಗಳ ಊರಿನವರು. ಬಿಸಿಲು, ಕೆಂಪು ಮರಳುಗಲ್ಲು, ಮಳೆಗೆ ಬಾಯಿಬಿಡುವ ನೆಲ. ಕಾದಂಬರಿ ಬರೆದದ್ದು ಮಾತ್ರ ಅಲಾಸ್ಕಾದ ಕೆಚಿಕನ್‌ನಲ್ಲಿ, ಯಾವಾಗಲೂ ಮಳೆ ಸುರಿಯುವ ಕಡಲತೀರದಲ್ಲಿ. ಊರಿನ ಹಂಬಲದಲ್ಲಿ ಒಂದೊಂದೇ ಬೆಟ್ಟ, ಬುಗ್ಗೆ, ದಾರಿಯನ್ನು ಕಾಗದದ ಮೇಲೆ ಮತ್ತೆ ಕಟ್ಟಿದರು. ಓದುವಾಗ ಅದು ಗೊತ್ತಾಗುತ್ತದೆ, ಊರಲ್ಲೇ ಕೂತವರು ಇಷ್ಟು ಹಸಿವಿನಿಂದ ಊರು ನೋಡುವುದಿಲ್ಲ.

ಕಾದಂಬರಿಯ ನಾಯಕ ಟಾಯೋ ಎರಡನೇ ಮಹಾಯುದ್ಧದಿಂದ ಮನಸ್ಸು ಮುರಿದು ವಾಪಸ್ ಬಂದವನು. ಫಿಲಿಪ್ಪೀನ್ಸ್ ಕಾಡಿನಲ್ಲಿ ಜಪಾನಿಯರ ಸೆರೆಯಾಳಾಗಿ ನಡೆಯುತ್ತಿದ್ದಾಗ, ಜೊತೆಗೆ ಬೆಳೆದ ರಾಕಿ ಸಾಯುತ್ತಿದ್ದಾಗ, ನಿಲ್ಲದ ಮಳೆಗೆ ಅವನು ಶಾಪ ಹಾಕಿದ್ದ. ಈಗ ಊರಿಗೆ ಬಂದರೆ ಆರು ವರ್ಷದಿಂದ ಮಳೆ ಇಲ್ಲ. ದನ ಸಾಯುತ್ತಿವೆ. ನನ್ನ ಶಾಪವೇ ಇಲ್ಲಿಗೆ ತಟ್ಟಿತು ಅಂತ ಅವನ ಎದೆಗುದಿ. ಸೇನೆಯ ಆಸ್ಪತ್ರೆಯ ಡಾಕ್ಟರು ಇದನ್ನು ಭ್ರಮೆ ಅನ್ನುತ್ತಾರೆ. ಊರಿನ ಹಿರಿಯ ವೈದ್ಯ ಕುಊಶ್ ಭ್ರಮೆ ಅನ್ನುವುದಿಲ್ಲ, ಆದರೆ ಅವನ ಹಳೇ ಶಾಸ್ತ್ರವೂ ನಾಟುವುದಿಲ್ಲ. ಕೊಂದವರ ಮುಖವೇ ಕಾಣದ ಯುದ್ಧಕ್ಕೆ ಅದರಲ್ಲಿ ಶಾಂತಿ ಇಲ್ಲ.

ಕೊನೆಗೆ ಬೆಟೋನಿ ಎಂಬ ವೈದ್ಯ ಸಿಗುತ್ತಾನೆ. ಗ್ಯಾಲಪ್ ಪಟ್ಟಣದ ಮೇಲಿನ ಗುಡ್ಡದಲ್ಲಿ ಅವನ ಗುಡಿಸಲು, ಒಳಗೆ ಒಣಗಿದ ಬೇರು ನಾರಿನ ಜೊತೆಗೆ ಹಳೇ ಕ್ಯಾಲೆಂಡರು, ಟೆಲಿಫೋನ್ ಡೈರೆಕ್ಟರಿಗಳ ರಾಶಿ. ಶಾಸ್ತ್ರಗಳು ಯಾವಾಗಲೂ ಬದಲಾಗುತ್ತಲೇ ಬಂದಿವೆ, ಬದಲಾಗದಿದ್ದರೆ ಸಾಯುತ್ತವೆ ಅನ್ನುವುದು ಅವನ ನಂಬಿಕೆ. ಕಾಡಿಗೆ ಹೋಗಿ ನಿರ್ಮಲವಾದ ಮಹರ್ಷಿಯನ್ನು ಕಾಣಬೇಕು ಅಂದುಕೊಂಡ ಓದುಗರಿಗೆ ಇವನನ್ನು ನೋಡಿ ನಿರಾಸೆಯಾಗುತ್ತದೆ. ನನಗಂತೂ ಇಡೀ ಸಾಲಿನಲ್ಲಿ ಇಷ್ಟದ ದೇವರ ಮನುಷ್ಯ ಇವನೇ.

ಕಥೆಯ ಕೊನೆಗೆ ಟಾಯೋ ಒಂದು ರಾತ್ರಿ ಹಳೇ ಯುರೇನಿಯಂ ಗಣಿಯ ಹತ್ತಿರ ಅಡಗಿ ಕೂರುತ್ತಾನೆ. ಲಗೂನಾ ನೆಲದಲ್ಲಿ ಯುರೇನಿಯಂ ಅಗೆದದ್ದು ನಿಜ. ಅಲ್ಲಿನ ಜ್ಯಾಕ್‌ಪೈಲ್ ಗಣಿ 1953ರಿಂದ 1982ರವರೆಗೆ ನಡೆಯಿತು. ಅಣುಬಾಂಬು ತಯಾರಾದ ಲಾಸ್ ಅಲಾಮೋಸ್, 1945ರ ಜುಲೈ 16ರಂದು ಅದನ್ನು ಮೊದಲು ಸಿಡಿಸಿದ ಟ್ರಿನಿಟಿ, ಎರಡೂ ಅದೇ ರಾಜ್ಯದಲ್ಲಿವೆ. ಗಣಿ, ಬಾಂಬು, ಸತ್ತ ಜಪಾನಿಯರು, ಮಳೆಯಿಲ್ಲದ ಊರು, ಎಲ್ಲ ಒಂದೇ ನೂಲಿನಲ್ಲಿ ಸೇರುತ್ತವೆ. ಅವನ ಎದೆಗುದಿ ಪೂರ್ತಿ ಭ್ರಮೆ ಆಗಿರಲಿಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ.

ಓದುವವರಿಗೆ ಒಂದು ಕಿವಿಮಾತು: ಪುಟದ ನಡುವೆ ಪದ್ಯದ ಥರ ಬರುವ ಭಾಗಗಳನ್ನು ಹಾರಿಸಬೇಡಿ. ಮಳೆಯನ್ನು ವಾಪಸ್ ಕರೆಯಲು ಝೇಂಕಾರದ ಹಕ್ಕಿ (ಹಮ್ಮಿಂಗ್‌ಬರ್ಡ್) ಮತ್ತು ನೊಣ ಕೆಳಲೋಕಕ್ಕೆ ಹೋಗಿ ಬರುವ ಕಥೆ ಅಲ್ಲಿದೆ. ಟಾಯೋನದ್ದು ಅದರ ನೆರಳು.

ಹೊರಗಿನಿಂದ ಬಂದವರು ಆ ಜಾಗದ ದೈವದ ಬಗ್ಗೆ ಬರೆಯಬಹುದಾ?

ಕ್ಯಾಥರ್ ಬರೆದರು. ಹುಟ್ಟಿದ್ದು ವರ್ಜೀನಿಯಾ, ಬೆಳೆದದ್ದು ನೆಬ್ರಾಸ್ಕಾ, 1927ರಲ್ಲಿ ಬರೆದದ್ದು ನ್ಯೂ ಮೆಕ್ಸಿಕೋದ ಫ್ರೆಂಚ್ ಬಿಷಪ್ ಬಗ್ಗೆ, 'ಡೆತ್ ಕಮ್ಸ್ ಫಾರ್ ದಿ ಆರ್ಚ್‌ಬಿಷಪ್'. ಸಾಂತಾ ಫೇ ಪಟ್ಟಣದ ನಿಜವಾದ ಬಿಷಪ್ ಲಾಮಿ ಅವರೇ ಮಾದರಿ. ಆರಂಭದಲ್ಲೇ ದಾರಿ ತಪ್ಪಿ ಬಾಯಾರಿದ ಬಿಷಪ್, ಕೆಂಪು ಗುಡ್ಡಗಳ ನಡುವೆ ಶಿಲುಬೆ ಆಕಾರದ ಒಂದು ಜೂನಿಪರ್ ಮರ ಕಂಡು ಮಂಡಿಯೂರುತ್ತಾನೆ. ಇನ್ನೊಂದು ಕಡೆ ಹಿಮಗಾಳಿಗೆ ಸಿಕ್ಕಾಗ ಮೂಲನಿವಾಸಿ ದಾರಿಗಾರ ಹಸಿಂತೋ ಅವನನ್ನು ತನ್ನವರ ಗುಟ್ಟಿನ ಗುಹೆಗೆ ಕರೆದೊಯ್ಯುತ್ತಾನೆ. ನೆಲಕ್ಕೆ ಕಿವಿಯಿಟ್ಟರೆ ಕೆಳಗೆ ಎಲ್ಲೋ ಆಳದಲ್ಲಿ ನದಿ ಹರಿಯುವ ಸದ್ದು. ಬಿಷಪ್‌ಗೆ ಆ ಗುಹೆ ಹಿಡಿಸುವುದಿಲ್ಲ, ಭಯವಾಗುತ್ತದೆ. ಅದನ್ನು ಒಪ್ಪಿಕೊಂಡು ಬರೆದದ್ದರಲ್ಲೇ ಕ್ಯಾಥರ್ ಅವರ ಪ್ರಾಮಾಣಿಕತೆ ಇದೆ, ಅಲ್ವಾ?

ಎಲ್ಲ ಕಡೆ ಅಷ್ಟು ಪ್ರಾಮಾಣಿಕವಾಗಿಲ್ಲ. ತಾವೋಸ್ ಊರಿನ ಪಾದ್ರಿ ಮಾರ್ತಿನೇಜ್ ಅಲ್ಲಿನ ಸ್ಪ್ಯಾನಿಷ್ ಮಾತಿನ ಜನರಿಗೆ ದೊಡ್ಡ ಮನುಷ್ಯ, ಶಾಲೆ ನಡೆಸಿದವರು, ಮುದ್ರಣಯಂತ್ರ ಇಟ್ಟವರು. ಕ್ಯಾಥರ್ ಅವರನ್ನು ನಿಜದ ಹೆಸರಲ್ಲೇ ಖಳನನ್ನಾಗಿ ಮಾಡಿಬಿಟ್ಟರು. ಆ ಜನರ ಒಳಗಿನ ದನಿ ಬೇಕಾದರೆ ರುಡಾಲ್ಫೊ ಅನಾಯಾ ಅವರ 'ಬ್ಲೆಸ್ ಮಿ, ಅಲ್ಟಿಮಾ' (1972) ಓದಿ. ಅದರಲ್ಲಿ ಹುಡುಗ ಅಂತೋನಿಯೊ ಚರ್ಚಿನ ದೇವರು ಒಂದು ಕಡೆ, ಹೊಳೆಯಲ್ಲಿ ಈಜುವ ಚಿನ್ನದ ಮೀನು ಇನ್ನೊಂದು ಕಡೆ ಅಂತ ಸಿಕ್ಕಿಹಾಕಿಕೊಳ್ಳುತ್ತಾನೆ.

ಕರಿಯರ ಕಾದಂಬರಿಗಳಲ್ಲಿ?

ಇದಕ್ಕೆ ಬೇರೆಯೇ ಪುಟ ಬೇಕು. ಸದ್ಯಕ್ಕೆ ಜೋರಾ ನೀಲ್ ಹರ್ಸ್ಟನ್ ಅವರ 1937ರ 'ದೇರ್ ಐಸ್ ವರ್ ವಾಚಿಂಗ್ ಗಾಡ್' ಸಾಕು. ಫ್ಲಾರಿಡಾದ ಒಕೀಚೋಬಿ ಕೆರೆಯ ಸುತ್ತ ಬೀನ್ಸ್ ಕೀಳುವ ಕೂಲಿಗಳು. 1928ರಲ್ಲಿ ಅಲ್ಲಿ ಬಂದ ಚಂಡಮಾರುತವೇ ಕಥೆಯ ಚಂಡಮಾರುತ. ದೀಪ ಆರಿದ ಗುಡಿಸಲಲ್ಲಿ ಜನ ಕತ್ತಲು ನೋಡುತ್ತಾ ಕೂತಿದ್ದಾರೆ, ನೋಡುತ್ತಿರುವುದು ದೇವರನ್ನು. ನೀರು ಇಳಿದ ಮೇಲೆ ಹೆಣ ಹೂಳಲು ಹಿಡಿದು ತಂದವರಿಗೆ ಅಪ್ಪಣೆ ಆಗುತ್ತದೆ: ಬಿಳಿಯರ ಹೆಣ ಬೇರೆ ಮಾಡಿ, ಪೆಟ್ಟಿಗೆ ಅವರಿಗೆ ಮಾತ್ರ. ಕೊಳೆತ ಮೇಲೆ ಬಣ್ಣ ಹೇಗೆ ಗೊತ್ತಾಗುತ್ತೆ?

ಕನ್ನಡದವರಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ, ಅಥವಾ ಸುಮ್ನೆ ಓದೋದಾ?

ಸುಮ್ನೆ ಓದಿದರೂ ನಷ್ಟವಿಲ್ಲ. ಆದರೆ ಒಂದು ಸಣ್ಣ ಎಳೆ ಇದೆ. 'ಎ ರಿವರ್ ರನ್ಸ್ ಥ್ರೂ ಇಟ್' ಬರೆದ ನಾರ್ಮನ್ ಮ್ಯಾಕ್ಲೀನ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು. ನಿವೃತ್ತಿಯಾದ ಮೇಲೆ, 1976ರಲ್ಲಿ, ಮೊಂಟಾನಾದ ಬ್ಲ್ಯಾಕ್‌ಫುಟ್ ನದಿಯ ಆ ಕಥೆ ಪ್ರಕಟವಾಯಿತು. ಅದರಲ್ಲಿ ಪಾದ್ರಿ ಅಪ್ಪನಿಗೆ ಗಾಳ ಬೀಸುವುದೂ ಪ್ರಾರ್ಥನೆಯೂ ಒಂದೇ ಪಾಠ. ಅದೇ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದ ನಮ್ಮ ಎ.ಕೆ. ರಾಮಾನುಜನ್ ಇದ್ದರು. 1973ರಲ್ಲಿ ಅವರು ವಚನಗಳ ಅನುವಾದ ಹೊರತಂದರು. ಬಸವಣ್ಣನ ಅಂಕಿತವನ್ನು ಹಾಗೇ ಬಿಡದೆ, ನದಿಗಳು ಕೂಡುವಲ್ಲಿನ ಒಡೆಯ ಅನ್ನುವ ಅರ್ಥದಲ್ಲಿ ಇಂಗ್ಲಿಷಿಗೆ ತಂದರು. ಕೂಡಲಸಂಗಮದೇವ ಅನ್ನುವ ಹೆಸರಲ್ಲಿ ಊರೂ ನದಿಯೂ ದೇವರೂ ಒಟ್ಟಿಗೆ ಇವೆ ಅಂತ ನನಗೆ ಹೊಳೆದದ್ದು, ನಾಚಿಕೆಯ ವಿಷಯ, ಆ ಇಂಗ್ಲಿಷ್ ಓದಿದ ಮೇಲೆ.

ಈ ಜಾಗಗಳನ್ನು ಹೋಗಿ ನೋಡಬಹುದಾ?

ಕೆಲವನ್ನು ನೋಡಬಹುದು. ಒಕಾನರ್ ಅವರ ಫಾರ್ಮು ಆಂಡಲೂಸಿಯಾ ಈಗ ಮ್ಯೂಸಿಯಂ. ಕ್ಯಾಥರ್ ಬೆಳೆದ ರೆಡ್ ಕ್ಲೌಡ್ ಊರಲ್ಲಿ ಅವರ ಬಾಲ್ಯದ ಮನೆ ಉಳಿಸಿದ್ದಾರೆ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವವರು ನಯಾಗರಾ ಮುಗಿದ ಮೇಲೆ ಇನ್ನೊಂದು ಟಿಕೆಟಿಗೆ ದುಡ್ಡು ಉಳಿದಿದ್ದರೆ ನ್ಯೂ ಮೆಕ್ಸಿಕೋಗೆ ಹೋಗಿ ಅನ್ನುತ್ತೇನೆ. ಅಲ್ಲಿ ಮೂಲನಿವಾಸಿಗಳ ಅಕೋಮಾ ಎಂಬ ಊರಿದೆ, ಕಡಿದಾದ ಬಂಡೆಯ ನೆತ್ತಿಯ ಮೇಲೆ. ಅದು ಆ ಜನರ ಸ್ವಂತ ನೆಲ, ಅವರ ಗೈಡ್ ಜೊತೆಯಲ್ಲೇ ಹೋಗಬೇಕು, ಫೋಟೋಗೂ ಅವರದ್ದೇ ನಿಯಮ. ಸುಮ್ನೆ ಪಾಲಿಸಿ.

ಮೇಲೆ 1600ರ ದಶಕದಲ್ಲಿ ಕಟ್ಟಿದ ದೊಡ್ಡ ಮಣ್ಣಿನ ಚರ್ಚಿದೆ. ಕ್ಯಾಥರ್ ಅವರ ಬಿಷಪ್ ಅಲ್ಲಿ ಪೂಜೆ ಮಾಡುವಾಗ ಅವನಿಗೆ ಸಮುದ್ರದ ತಳದಲ್ಲಿ ನಿಂತ ಹಾಗೆ ಅನ್ನಿಸುತ್ತದೆ. ಎದುರಿನ ಜನ ಚಿಪ್ಪಿನೊಳಗೆ ಸೇರಿಕೊಂಡ ಜೀವಿಗಳ ಹಾಗೆ ಕಾಣುತ್ತಾರೆ, ತನ್ನ ಮಾತು ಅವರನ್ನು ಮುಟ್ಟುತ್ತಿಲ್ಲ ಅಂತ ಗೊತ್ತಾಗುತ್ತದೆ. ಒಳಗೆ ಹೋದಾಗ ತಲೆಯೆತ್ತಿ ತೊಲೆಗಳನ್ನು ನೋಡಿ. ಬಂಡೆಯ ಮೇಲೆ ಮರವೇ ಇಲ್ಲ. ಅವನ್ನು ದೂರದ ಮೌಂಟ್ ಟೇಲರ್‌ನಿಂದ ಅಕೋಮಾದವರೇ ಹೆಗಲ ಮೇಲೆ ಹೊತ್ತು ತಂದರು, ದಾರಿಯಲ್ಲಿ ಎಲ್ಲೂ ನೆಲಕ್ಕೆ ತಾಗಿಸಲಿಲ್ಲ ಅಂತ ಅಲ್ಲಿಯವರು ಹೇಳುತ್ತಾರೆ. ಆ ಬೆಟ್ಟವೇ ಸಿಲ್ಕೊ ಅವರ ಪುಸ್ತಕದ ತ್ಸೆಪಿನಾ, ಟಾಯೋ ಕಳೆದುಹೋದ ಮಚ್ಚೆದನಗಳನ್ನು ಹುಡುಕಿಕೊಂಡು ಹತ್ತುವ ಬೆಟ್ಟ.